ಎಡಗಡೆ ಕಪಾಟು

"ನಿಮ್ಮಪ್ಪ ಕಾಫಿ ಅಂಗಡಿ ಟಾಯ್ಲೆಟ್ ಬಾಗಿಲ ಮೇಲೆ ನೇತಾಡ್ತಿದ್ದಾನೆ ಕಣೇ. ನಿನಗೆ ಗೊತ್ತಾ ಇದು?"

ಫೋನು ಸ್ಪೀಕರಿನಲ್ಲಿತ್ತು. ಸ್ಟಿಯರಿಂಗ್ ಹಿಡಿದು ಕಾರು ಕಲಿಯುತ್ತಿದ್ದ ಟೈಲರ್ ಈ ಮಾತು ಕಿವಿಗೆ ಬಿದ್ದದ್ದೇ ತಡ, ಕ್ಲಚ್ಚಿನ ಮೇಲಿಂದ ಕಾಲು ತೆಗೆದೇಬಿಟ್ಟ. ಡ್ರೈವಿಂಗ್ ಸ್ಕೂಲಿನ ಬಡಪಾಯಿ ಕಾರು ಎರಡು ಸಲ ಕೆಮ್ಮಿ ನಡುರಸ್ತೆಯಲ್ಲೇ ಉಸಿರು ಬಿಟ್ಟಿತು. ಹಿಂದಿದ್ದ ಬಸ್ಸಿನವನು ಹಾರ್ನ್ ಮೇಲಿಟ್ಟ ಕೈ ತೆಗೆಯಲೇ ಇಲ್ಲ.

"ಮಾಮ, ಅಪ್ಪ ಹೋಗಿ ಎರಡು ತಿಂಗಳಾಯ್ತು," ಎಂದಳು ಪಕ್ಕದ ಸೀಟಿನಲ್ಲಿ ಕೂತು ಕಲಿಸುತ್ತಿದ್ದ ಕ್ಲಚ್ಚಮ್ಮ.

"ಅಷ್ಟೂ ಗೊತ್ತಿಲ್ವಾ ನನಗೆ? ಹೆಗಲು ಕೊಟ್ಟೋನೇ ನಾನು. ಅವನಲ್ಲ ಕಣೇ, ಅವನ ಹುಂಜ. ಹುಂಜದ ಮಾರ್ಕಿನ ಹಾರ್ನ್, ಆ ತಗಡಿನ ಬೋರ್ಡು. ಗಂಡಸರ ಟಾಯ್ಲೆಟ್ ಬಾಗಿಲಿಗೆ ಸ್ಕ್ರೂ ಹಾಕಿ ಕೂರಿಸಿದ್ದಾರೆ. ಅರ್ಜೆಂಟಾಗಿ ಎದ್ದು ಹೋದೋನು ಬಾಗಿಲ ಮುಂದೆ ನಿಂತೇಬಿಟ್ಟೆ. ಹಿಂದಿದ್ದ ಹುಡುಗ, ಅಂಕಲ್, ನೀವು ಒಳಗೆ ಹೋಗ್ತೀರೋ ಇಲ್ಲ ಇಲ್ಲೇ ನಮಸ್ಕಾರ ಮಾಡ್ತೀರೋ ಅಂತ ಕೇಳ್ದ."

ಟೈಲರ್ ಕಿಸಕ್ಕನೆ ನಕ್ಕು, ಕ್ಲಚ್ಚಮ್ಮನ ಮುಖ ನೋಡಿ, ನಗುವನ್ನು ಹಾಗೇ ನುಂಗಿಕೊಂಡ.

"ಅದು ಅಲ್ಲಿಗೆ ಹೇಗೆ ಹೋಯ್ತು? ಯಾರು ಕದ್ರು? ಹೇಳು, ಈಗಲೇ ಹೋಗಿ ಅವರ ಜನ್ಮ ಜಾಲಾಡ್ತೀನಿ."

"ಯಾರೂ ಕದ್ದಿಲ್ಲ ಮಾಮ. ನಾನೇ ಗುಜರಿಗೆ ಕೊಟ್ಟೆ."

ಫೋನಿನ ಆ ಕಡೆ ಕಪ್ಪೊಂದನ್ನು ಸಾಸರಿನ ಮೇಲೆ ಕುಕ್ಕಿಟ್ಟ ಸದ್ದಾಯಿತು. "ಮಧ್ಯಾಹ್ನ ಅಂಗಡಿಗೆ ಬಾ," ಎಂದಷ್ಟೇ ಹೇಳಿ ಬೆಲ್ಟ್ ಮಾಮ ಫೋನಿಟ್ಟರು.

ಬೆಲ್ಟ್ ಮಾಮ ಅಂದರೆ ಅಮ್ಮನ ಅಣ್ಣನೂ ಅಲ್ಲ, ತಮ್ಮನೂ ಅಲ್ಲ. ಅಪ್ಪನ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಅಂಟಿಕೊಂಡೇ ಇದ್ದ ಫ್ಯಾನ್ ಬೆಲ್ಟ್ ಅಂಗಡಿಯ ಮಾಲೀಕರು. ಅವಳು ತೊಟ್ಟಿಲಲ್ಲಿದ್ದಾಗಿನಿಂದ ಎತ್ತಿ ಆಡಿಸಿದವರು. ಡ್ರೈವಿಂಗ್ ಸ್ಕೂಲಿನಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವಳು ನಿದ್ದೆಯಲ್ಲೂ "ಕ್ಲಚ್ ಒತ್ತಿ, ಕ್ಲಚ್ ಒತ್ತಿ" ಎಂದು ಕನವರಿಸುತ್ತಾಳೆ ಅಂತ ಅಮ್ಮ ಬಾಯಿ ತಪ್ಪಿ ಹೇಳಿದ್ದಕ್ಕೆ ಈ ಕ್ಲಚ್ಚಮ್ಮ ಅನ್ನುವ ಹೆಸರಿಟ್ಟು ಇಡೀ ಬೀದಿಗೆ ಹಂಚಿದವರೂ ಅವರೇ. ಅಪ್ಪ ತೀರಿಕೊಂಡ ವಾರದಲ್ಲೇ ಅವರು ಮಗಳ ಹೆರಿಗೆಗೆಂದು ಬೇರೆ ಊರಿಗೆ ಹೋಗಿದ್ದರು. ಮೊಮ್ಮಗುವಿನ ಕೈಕಾಲು ಗಟ್ಟಿಯಾದ ಮೇಲೆ ನಿನ್ನೆಯಷ್ಟೇ ವಾಪಸು ಬಂದಿದ್ದರು. ಅವರು ಇಲ್ಲದ ಹೊತ್ತಿನಲ್ಲೇ ಎಲ್ಲಾ ನಡೆದುಹೋಗಿತ್ತು.

ಅಪ್ಪನ ಅಂಗಡಿ ರೈಲು ಡಬ್ಬಿಯ ಹಾಗೆ ಉದ್ದಕ್ಕಿತ್ತು. ಬಾಗಿಲಿಂದ ಒಳಗೆ ಬಂದರೆ ತಗಡು ಹೊದಿಸಿದ ಕೌಂಟರು, ಅದರ ಹಿಂದೆ ಅಪ್ಪನ ಸೀಟು. ಅದು ಸುಮ್ಮನೆ ಕುರ್ಚಿಯಲ್ಲ. ಒಡೆದುಹಾಕಿದ ಹಳೇ ಬಸ್ಸೊಂದರಿಂದ ಬಿಚ್ಚಿ ತಂದ ಡ್ರೈವರ್ ಸೀಟು. ಕೆಳಗೆ ಸ್ಪ್ರಿಂಗ್, ಪಕ್ಕದಲ್ಲಿ ಹಿಂದೆ ಮುಂದೆ ಮಾಡುವ ಹಿಡಿ ಎಲ್ಲಾ ಇತ್ತು. ಅದರಲ್ಲಿ ರಸ್ತೆಗೆ ಮುಖ ಮಾಡಿ ಕೂತರೆ ಅಪ್ಪ ಇಡೀ ಅಂಗಡಿಯನ್ನೇ ಓಡಿಸಿಕೊಂಡು ಹೊರಟವನ ಹಾಗೆ ಕಾಣುತ್ತಿದ್ದ. ಹಾಗೆ ನೋಡಿದರೆ ಅವನಿಗೆ ಸೈಕಲ್ ಬಿಟ್ಟರೆ ಬೇರೇನೂ ಓಡಿಸಲು ಬರುತ್ತಿರಲಿಲ್ಲ. ಬೆಲ್ಟ್ ಮಾಮ ಅವನನ್ನು ಲೈಸೆನ್ಸ್ ಇಲ್ಲದ ಡ್ರೈವರ್ ಎಂದೇ ಕರೆಯುತ್ತಿದ್ದರು.

ಸೀಟಿನ ಆಚೆಗೊಂದು, ಈಚೆಗೊಂದು ಕಪಾಟು. ಒಂದರ ತುಂಬ ಯಾರೂ ಕೇಳದ ಹಳೇ ಮಾಡೆಲ್ ಗಾಡಿಗಳ ಆಯಿಲ್ ಸೀಲುಗಳು, ಎಣ್ಣೆ ಸೋರದ ಹಾಗೆ ತಡೆಯುವ ರಬ್ಬರ್ ಉಂಗುರಗಳು. ಗಟ್ಟಿಯಾಗಿ, ಬಿರುಕು ಬಿಟ್ಟು, ಕೈಗೆ ಕಪ್ಪು ಮೆತ್ತುವಂಥವು. ಇನ್ನೊಂದರಲ್ಲಿ ಅಪ್ಪನ ಪ್ರಾಣವೇ ಇತ್ತು.

ದೊಡ್ಡ ಕಂಪನಿಗಳ ಮಾತಲ್ಲ ಇದು. ಅವುಗಳ ಹೆಸರು ಕಾರಿನ ಮುಂದೆಯೇ ಹೊಳೆಯುತ್ತಿರುತ್ತದೆ. ಕಾರಿನ ಹೊಟ್ಟೆಯೊಳಗಿನ ವಾಷರು, ರಬ್ಬರು, ಪೈಪು, ಸ್ಪ್ರಿಂಗು ಮಾಡುವ ಸಣ್ಣ ಸಣ್ಣ ಶೆಡ್ಡುಗಳಿದ್ದವಲ್ಲ, ಅವುಗಳ ಮಾತು. ಮೂರು ಮೀನು ಮಾರ್ಕಿನ ಗ್ಯಾಸ್ಕೆಟ್. ಕೊಕ್ಕರೆ ಮಾರ್ಕಿನ ವೈಪರ್. ಗೂಬೆ ಮಾರ್ಕಿನ ಹೆಡ್‌ಲೈಟ್ ಬಲ್ಬು. ಆಮೆ ಮಾರ್ಕಿನ ಬ್ರೇಕ್ ಶೂ. ಸೊಂಡಿಲು ಮಾರ್ಕಿನ ರೇಡಿಯೇಟರ್ ಪೈಪು. ವರ್ಷಕ್ಕೊಂದು ಸಲ ಆರ್ಡರ್ ಹಿಡಿಯಲು ಬರುವ ಅವುಗಳ ಸೇಲ್ಸ್‌ಮನ್ನುಗಳು ಕೌಂಟರಿನ ಮೇಲೆ ಏನಾದರೊಂದು ಇಟ್ಟು ಹೋಗುತ್ತಿದ್ದರು. ಕ್ಯಾಲೆಂಡರು, ಕೀ ಚೈನು, ತಗಡಿನ ಬೋರ್ಡು, ಸಿಗರೇಟಿನ ಬೂದಿ ಬಟ್ಟಲು, ಅರ್ಧ ಕತ್ತರಿಸಿದ ಪಿಸ್ಟನ್ನಿನ ಪೆನ್ ಸ್ಟ್ಯಾಂಡು. ಬೇರೆ ಅಂಗಡಿಯವರು ವರ್ಷ ಮುಗಿದ ಮೇಲೆ ಆ ಕ್ಯಾಲೆಂಡರುಗಳ ನುಣುಪು ಹಾಳೆ ಹರಿದು ಬೇರಿಂಗ್ ಸುತ್ತಿ ಕೊಡುತ್ತಿದ್ದರು. ಅಪ್ಪ ಮಾತ್ರ ಒಂದನ್ನೂ ಬಿಸಾಡಲಿಲ್ಲ. ಸಾಲದೆಂಬಂತೆ ಬೇರೆಯವರ ಅಂಗಡಿಯ ಗೋಡೆಯಿಂದಲೂ ಬೇಡಿ ತರುತ್ತಿದ್ದ. ಭಾನುವಾರ ಬಂದರೆ ಸಾಕು, ಗ್ಯಾರೇಜುಗಳ ಮೂಲೆ ಮೂಲೆ ಹೊಕ್ಕು ಬರುತ್ತಿದ್ದ. "ದೊಡ್ಡವರದ್ದನ್ನ ಕಾಪಾಡೋಕೆ ದೊಡ್ಡವರೇ ಇದ್ದಾರೆ. ಇವರಿಗೆ ಯಾರಿದ್ದಾರೆ?" ಅನ್ನುತ್ತಿದ್ದ.

ಅದರಲ್ಲಿ ಅವಳಿಗೂ ಒಂದು ಕೆಲಸವಿತ್ತು. ಅಪ್ಪನ ಅಕ್ಷರ ಕೋಳಿ ಕೆದರಿದಂತಿತ್ತು. ಹಾಗಾಗಿ ಪ್ರತಿಯೊಂದು ವಸ್ತುವಿನ ಹಿಂಬದಿಗೂ ಅವನು ಹೇಳಿದ್ದನ್ನು ದುಂಡಗೆ ಬರೆಯುತ್ತಿದ್ದವಳು ಅವಳು. ಯಾವ ಕಂಪನಿ, ಯಾರು ಕೊಟ್ಟರು, ಅವರು ಎಂಥ ಮನುಷ್ಯರು. "ಕೊಕ್ಕರೆ ವೈಪರ್. ಕೊಟ್ಟವರು ಸೊಸೆ. ಗಂಡನಿಗಿಂತ ಚೆನ್ನಾಗಿ ಲೆಕ್ಕ ಬರುತ್ತೆ." ಹೀಗೆ. ಎಲ್ಲಾದರೊಂದು ಶೆಡ್ಡು ಮುಚ್ಚಿತು ಅನ್ನುವ ಸುದ್ದಿ ಬಂದರೆ ಅಪ್ಪ ಆ ವಸ್ತುವನ್ನು ಹುಡುಕಿ ತೆಗೆದು, ಅವಳ ಮುಂದೆ ಇಟ್ಟು, ಕೊನೆಗೊಂದು ಪದ ಸೇರಿಸಲು ಹೇಳುತ್ತಿದ್ದ. ಮುಚ್ಚಿತು. ಅದನ್ನು ಬರೆಯುವಾಗ ಮಾತ್ರ ಅವನ ದನಿ ಇಳಿದುಬಿಡುತ್ತಿತ್ತು. "ಅಕ್ಷರ ಚೆನ್ನಾಗಿರಲಿ," ಅನ್ನುತ್ತಿದ್ದ. ಅವಳು ಶಾಲೆ ಮುಗಿಸುವ ಹೊತ್ತಿಗೆ ಆ ಒಂದು ಪದವನ್ನು ಕಣ್ಣು ಮುಚ್ಚಿಕೊಂಡು ಬರೆಯುವಷ್ಟು ಪಳಗಿಬಿಟ್ಟಿದ್ದಳು.

ಅಂಥದ್ದನ್ನು ಅವಳು ಗುಜರಿಗೆ ಕೊಟ್ಟಿದ್ದಳು.

ಮಧ್ಯಾಹ್ನ ಹೋದಾಗ ಬೆಲ್ಟ್ ಮಾಮ ತಮ್ಮ ಅಂಗಡಿಯಲ್ಲಿ ಮಾಡಿನಿಂದ ಇಳಿಬಿದ್ದ ಬೆಲ್ಟುಗಳ ನಡುವೆ ಮುಖ ಊದಿಸಿಕೊಂಡು ಕೂತಿದ್ದರು. ಪಕ್ಕದ ಅಪ್ಪನ ಅಂಗಡಿಯ ಷಟರಿಗೆ ಹೊಸ ಬಣ್ಣ ಬಳಿದು, ಮೊಬೈಲ್ ರಿಪೇರಿಯವರ ಬೋರ್ಡು ಹಾಕಿಯಾಗಿತ್ತು.

"ಕೂತ್ಕೋ," ಎಂದರು. ಅವಳು ಸ್ಟೂಲಿನ ಮೇಲೆ ಕೂತಳು.

"ನಿಂಗೆ ಬುದ್ಧಿ ನೆಟ್ಟಗಿದೆಯಾ ಅಂತ ಕೇಳೋಣ ಅಂದ್ಕೊಂಡಿದ್ದೆ. ಆಮೇಲೆ ಬೇಡ ಅನ್ನಿಸ್ತು. ನೀನು ಹಾಗೆ ಮಾಡೋಳಲ್ಲ. ಯಾಕೆ ಕೊಟ್ಟೆ?"

"ಅಪ್ಪನೇ ಹೇಳಿದ್ದು ಮಾಮ."

"ಸಾಧ್ಯವೇ ಇಲ್ಲ."

"ಆಸ್ಪತ್ರೇಲಿ ಹೇಳಿದ್ದು. ಕೊನೇ ದಿನ. ಮೂಗಿಗೆ ಪೈಪು ಹಾಕಿದ್ರು, ಮಾತಾಡೋಕೆ ಆಗ್ತಿರಲಿಲ್ಲ. ಆದ್ರೂ ನನ್ನ ಕೈ ಹಿಡ್ಕೊಂಡು ಇದನ್ನ ಹೇಳ್ದ."

"ಏನು ಹೇಳ್ದ? ಒಂದಕ್ಷರ ಬಿಡದೆ ಹೇಳು."

"ಎಡಗಡೆ ಕಪಾಟು ನೀನಿಟ್ಕೋ. ಬಲಗಡೇದು ಗುಜರಿಗೆ ಹಾಕು. ಅಷ್ಟೇ."

ಎರಡು ತಿಂಗಳಿಂದ ಯಾರ ಹತ್ತಿರವೂ ಹೇಳದೆ ಒಳಗೇ ಇಟ್ಟುಕೊಂಡದ್ದು ಈಗ ಬಾಯಿಗೆ ಬಂತು. "ನಾನು ಎಷ್ಟು ಅತ್ತೆ ಗೊತ್ತಾ ಮಾಮ. ಇಷ್ಟು ವರ್ಷ ಕೂಡಿಟ್ಟಿದ್ದನ್ನ ಗುಜರಿಗೆ ಹಾಕು ಅಂದ್ನಲ್ಲ, ಅಷ್ಟೊಂದು ಬೇಜಾರಾಗಿತ್ತಾ ಅವನಿಗೆ ಅಂತ. ಕೊನೇ ವರ್ಷ ಅಂಗಡಿಗೆ ಯಾರೂ ಬರ್ತಾ ಇರಲಿಲ್ಲ. ಇದನ್ನೆಲ್ಲ ಯಾರು ನೋಡ್ತಾರೆ ಅಂತ ಗೊಣಗ್ತಾ ಇದ್ದ. ಮನಸ್ಸು ಮುರಿದು ಹಾಗಂದ ಅಂತಲೇ ಅಂದ್ಕೊಂಡೆ. ನನಗೆ ಏನು ಬಿಟ್ಟು ಹೋದ ಅಂದ್ರೆ, ಆಯಿಲ್ ಸೀಲು. ಮನೇಲಿ ಮಂಚದ ಕೆಳಗಿಟ್ಟಿದ್ದೀನಿ. ದಿನಾ ನೋಡ್ತೀನಿ. ಇದ್ಯಾಕೆ ನನಗೆ ಕೊಟ್ಟ ಅಂತ ತಲೆ ಕೆಡಿಸ್ಕೋತೀನಿ."

ಬೆಲ್ಟ್ ಮಾಮ ಅವಳನ್ನೇ ಎವೆಯಿಕ್ಕದೆ ನೋಡುತ್ತಿದ್ದರು.

"ಬಲಗಡೇದು ಕೊಟ್ಟೆ ಅಂದ್ಯಲ್ಲ. ಎಲ್ಲಿ ನಿಂತು ಬಲಗಡೆ?"

"ಎಲ್ಲಿ ನಿಂತು ಅಂದ್ರೆ? ಬಾಗಿಲಿಂದ ಒಳಗೆ ಬಂದ್ರೆ ಬಲಗಡೆ."

ಅವರು ಕಣ್ಣು ಮುಚ್ಚಿಕೊಂಡರು. ತೆರೆದಾಗ ದನಿ ಮೆತ್ತಗಾಗಿತ್ತು. "ಗಿರಾಕಿ ಬಂದು ಎಡಗಡೆ ಹೆಡ್‌ಲೈಟ್ ಕೊಡಿ ಅಂದ್ರೆ ನಿಮ್ಮಪ್ಪ ಮೊದಲು ಏನು ಕೇಳ್ತಿದ್ದ?"

ಅವಳು ಉತ್ತರ ಕೊಡಲು ಬಾಯಿ ತೆರೆದಳು. ಉತ್ತರ ನಾಲಿಗೆ ತುದಿಯಲ್ಲೇ ಇತ್ತು. ಚಿಕ್ಕಂದಿನಿಂದ ಸಾವಿರ ಸಲ ಕೇಳಿದ್ದು. ಗಾಡಿ ಮುಂದೆ ನಿಂತು ಹೇಳ್ತಿದ್ದೀಯೋ, ಸೀಟಲ್ಲಿ ಕೂತು ಹೇಳ್ತಿದ್ದೀಯೋ? ಮುಂದೆ ನಿಂತು ನೋಡಿದವನು ಎಡ ಅಂದದ್ದು ಗಾಡಿಯ ಬಲ ಆಗಿರುತ್ತದೆ. ತಪ್ಪು ಹೆಡ್‌ಲೈಟ್ ಒಯ್ದು, ಕೂರಿಸಲು ಹೋಗಿ, ಬೈದುಕೊಂಡು ವಾಪಸು ಬಂದವರು ಎಷ್ಟು ಜನವೋ. ಅದಕ್ಕೇ ಸ್ಪೇರ್ ಪಾರ್ಟ್ಸ್ ಲೈನಿನವರಿಗೆ ಎಡ ಅಂದರೆ ಒಂದೇ ಎಡ, ಸೀಟಿನಲ್ಲಿ ಕೂತವನ ಎಡ. ಅಪ್ಪ ಜೀವಮಾನವಿಡೀ ಆ ಬಸ್ಸಿನ ಸೀಟಿನಲ್ಲಿ ರಸ್ತೆಗೆ ಮುಖ ಮಾಡಿ ಕೂತವನು. ಅವಳು ಜೀವಮಾನವಿಡೀ ರಸ್ತೆಯಿಂದ ಬಂದು ಅವನ ಎದುರು ನಿಂತವಳು.

ಅವಳು ಸ್ಟೂಲಿನಿಂದೆದ್ದು ಒಮ್ಮೆ ರಸ್ತೆಗೆ ಮುಖ ಮಾಡಿ, ಒಮ್ಮೆ ಬೆನ್ನು ಮಾಡಿ ನಿಂತು ನೋಡಿದಳು.

"ನಾನು ದಿನಾ ಅದನ್ನೇ ಪಾಠ ಮಾಡೋದು ಮಾಮ," ಎಂದಳು. "ಎಡಕ್ಕೆ, ಬಲಕ್ಕೆ ಅಂತ ಬೆಳಗಿಂದ ಸಂಜೆವರೆಗೂ ಬಾಯಿ ಬಡ್ಕೋತೀನಿ."

"ನಿನ್ನ ತಪ್ಪಲ್ಲ ಕಣೇ."

"ಹಾಗಾದ್ರೆ ಅವನು ಅದನ್ನ ನನಗೇ ಅಂತ ಇಟ್ಟಿದ್ದ."

"ಇನ್ಯಾರಿಗೆ ಇಡ್ತಾನೆ? ನನಗಾ? ನನ್ನ ಗೂಬೆ ಕೀ ಚೈನನ್ನೇ ಹೊಡ್ಕೊಂಡು ಹೋಗಿದ್ದ ಅವನು."

ಅವಳು ನಕ್ಕಳು, ನಗುತ್ತಲೇ ಮುಖ ಮುಚ್ಚಿಕೊಂಡಳು. ಅಪ್ಪನಿಗೆ ಬೇಸರವಾಗಿರಲಿಲ್ಲ. ಮನಸ್ಸು ಮುರಿದಿರಲಿಲ್ಲ. ಪ್ರಾಣ ಹೋಗುವ ಹೊತ್ತಿನಲ್ಲೂ ಕಸವನ್ನು ಕಸದ ಕಡೆಗೆ, ಪ್ರಾಣವನ್ನು ಮಗಳ ಕಡೆಗೆ ಸರಿಯಾಗಿಯೇ ವಿಂಗಡಿಸಿ ಹೋಗಿದ್ದ. ಎರಡು ತಿಂಗಳಿಂದ ಎದೆಯ ಮೇಲಿದ್ದ ಒಂದು ಕಲ್ಲು ಸರಿಯಿತು. ಸರಿದ ಜಾಗದಲ್ಲೇ ಅದಕ್ಕಿಂತ ದೊಡ್ಡದು ಬಂದು ಕೂತಿತು.

ಬೆಲ್ಟ್ ಮಾಮ ಅಷ್ಟರಲ್ಲಿ ಗುಜರಿಯವನಿಗೆ ಫೋನು ಹಚ್ಚಿದ್ದರು. ಆ ಕಡೆಯವನು ಒಳ್ಳೆಯವನೇ, ಮುಚ್ಚುಮರೆ ಮಾಡಲಿಲ್ಲ. ಕಬ್ಬಿಣ, ಹಿತ್ತಾಳೆ, ಅಲ್ಯೂಮಿನಿಯಂ ಎಲ್ಲಾ ಬಂದ ವಾರದಲ್ಲೇ ಕರಗಿಸಲು ಹೋಯಿತಂತೆ. ಪಿಸ್ಟನ್ನು, ಕೀ ಚೈನು, ಬೂದಿ ಬಟ್ಟಲು ಯಾವುದೂ ಇಲ್ಲ. ಅಂಗಡಿಗಳಿಗೆ ಅಲಂಕಾರ ಮಾಡುವ ಡೆಕೊರೇಟರೊಬ್ಬ ಬಂದು ಕೆಲವು ತಗಡಿನ ಬೋರ್ಡು, ಎಲ್ಲಾ ಕ್ಯಾಲೆಂಡರು ಮತ್ತು ರಟ್ಟು ಆರಿಸಿಕೊಂಡು ಹೋದನಂತೆ. "ಆ ಕಾಫಿ ಅಂಗಡಿಗೇ ಇರಬೇಕು ಅಣ್ಣಾ," ಎಂದ.

"ಸಂಜೆ ಹೋಗೋಣ," ಎಂದರು ಬೆಲ್ಟ್ ಮಾಮ. "ಕಾಗದ ಉಳಿದಿದ್ಯಲ್ಲ. ಕಾಗದದ ಹಿಂದೆಯೇ ತಾನೇ ನೀನು ಹೆಚ್ಚು ಬರೆದಿದ್ದು."

ಅವಳು ನಡುವೆ ಮನೆಗೆ ಹೋದಳು. ಅಮ್ಮ ಬಟ್ಟೆ ಮಡಚುತ್ತಾ ಕೂತಿದ್ದಳು. ವಿಷಯ ಕೇಳಿ ಕೈಯಲ್ಲಿದ್ದ ಟವೆಲನ್ನು ಹಾಗೇ ಮಡಿಲಿಗೆ ಹಾಕಿಕೊಂಡಳು.

"ನಿಮ್ಮಪ್ಪನ ಎಡ ಬಲ ನನಗೂ ಎಂದೂ ತಿಳೀಲಿಲ್ಲ ಕಣೇ," ಎಂದಳು. "ಮದುವೆ ಹೊಸದರಲ್ಲಿ ಫೋಟೋ ತೆಗೆಸೋಕೆ ಹೋಗಿದ್ವಿ. ನೀನು ನನ್ನ ಎಡಕ್ಕೆ ನಿಂತ್ಕೋ ಅಂದ್ರು. ಆ ಸ್ಟುಡಿಯೋದವನು ಇಲ್ಲ, ಬಲಕ್ಕೆ ನಿಲ್ಲಿ ಅಂದ. ಇಬ್ಬರೂ ಸೇರಿ ನನ್ನ ಆ ಕಡೆ ಈ ಕಡೆ ಓಡಾಡ್ಸಿ ಸಾಕು ಮಾಡಿದ್ರು. ಆಮೇಲೆ ನೋಡಿದ್ರೆ ಇಬ್ಬರೂ ಹೇಳ್ತಾ ಇದ್ದಿದ್ದು ಒಂದೇ ಜಾಗ."

ಆಮೇಲೆ ಅಮ್ಮ ಮಂಚದ ಕೆಳಗೆ ಬಗ್ಗಿ, ಆಯಿಲ್ ಸೀಲಿನ ರಟ್ಟಿನ ಡಬ್ಬಿಗಳನ್ನು ಒಂದೊಂದಾಗಿ ಎಳೆದು, ಬಾಗಿಲ ಪಕ್ಕ ಜೋಡಿಸಿಟ್ಟಳು. ಡಬ್ಬಿಗಳ ಮೇಲಿನ ದೂಳನ್ನು ಅದೇ ಟವೆಲಿನಿಂದ ಒರೆಸುತ್ತಾ ಬಹಳ ಹೊತ್ತು ಅಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದಳು. ಬಿಸಾಡುವ ಸಾಮಾನನ್ನು ಯಾರಾದರೂ ಅಷ್ಟು ಚೆನ್ನಾಗಿ ಒರೆಸುತ್ತಾರೆಯೇ ಅಂತ ಕೇಳಲು ಮಗಳಿಗೆ ಬಾಯಿ ಬರಲಿಲ್ಲ.

ಕಾಫಿ ಅಂಗಡಿ ಹೊಸದು. ಹಲಗೆಯ ಮೇಜುಗಳು, ಉದ್ದ ವೈರಿನಲ್ಲಿ ಇಳಿಬಿಟ್ಟ ಬಲ್ಬುಗಳು, ಎಣ್ಣೆ ಡಬ್ಬಿಗಳಲ್ಲಿ ನೆಟ್ಟ ಗಿಡಗಳು. ಬೇಕೆಂದೇ ಹಳತಾಗಿ ಕಾಣುವಂತೆ ಮಾಡಿದ ಹೊಸ ಅಂಗಡಿ. ಬೆಲ್ಟ್ ಮಾಮ ಒಳಗೆ ಕಾಲಿಡುತ್ತಲೇ, "ಕುರ್ಚಿ ನೋಡು, ನಮ್ಮ ಗ್ಯಾರೇಜಲ್ಲಿ ಇಂಥದ್ದರ ಮೇಲೆ ನಾಯಿ ಮಲಗ್ತಿತ್ತು," ಎಂದು ಪಿಸುಗುಟ್ಟಿದರು.

ಅವಳಿಗೆ ಅದೊಂದೂ ಕೇಳಿಸಲಿಲ್ಲ. ಎದುರಿನ ಗೋಡೆಯ ಮುಂದೆ ಕಾಲು ಕಿತ್ತಿಡಲಾರದೆ ನಿಂತುಬಿಟ್ಟಿದ್ದಳು. ಬೆಳಿಗ್ಗೆ ಹುಂಜ ಕಂಡ ಗಾಬರಿಯಲ್ಲಿ ಮಾಮ ಇತ್ತ ತಿರುಗಿಯೂ ನೋಡಿರಲಿಲ್ಲ.

ಗೋಡೆಗೆ ಗೋಡೆಯೇ ಅಪ್ಪನಾಗಿತ್ತು. ಈ ತುದಿಯಿಂದ ಆ ತುದಿವರೆಗೆ ಕ್ಯಾಲೆಂಡರುಗಳು, ಡಬ್ಬಿಯ ರಟ್ಟುಗಳು, ಲೇಬಲ್ಲುಗಳು. ಮೀನು, ಕೊಕ್ಕರೆ, ಗೂಬೆ, ಸೊಂಡಿಲು, ಒಂದರ ಅಂಚಿಗೆ ಇನ್ನೊಂದು. ಅವನು ಬದುಕಿದ್ದಾಗ ಯಾವತ್ತೂ ಅವನ್ನು ಒಟ್ಟಿಗೆ ಹೀಗೆ ಹರಡಿ ನೋಡಿರಲಿಲ್ಲ. ಅಷ್ಟು ಜಾಗ ಅವನಿಗೆಲ್ಲಿತ್ತು. ಅವಳು ಹತ್ತಿರ ಹೋಗಿ ಬೆರಳಿಟ್ಟಳು. ಬೆರಳು ಜಾರಿತು. ಎಲ್ಲವನ್ನೂ ಗೋಡೆಗೆ ಅಂಟು ಹಾಕಿ ಮೆತ್ತಿ, ಮೇಲೆ ವಾರ್ನಿಶ್ ಬಳಿದಿದ್ದರು.

ಪಕ್ಕದಲ್ಲಿ ಒಬ್ಬ ಹುಡುಗ, ಒಬ್ಬಳು ಹುಡುಗಿ ಗೋಡೆಗೆ ಬೆನ್ನು ಕೊಟ್ಟು ಫೋಟೋ ತೆಗೆದುಕೊಳ್ಳುತ್ತಿದ್ದರು.

"ಇವೆಲ್ಲಾ ನಿಜವಾದ ಕಂಪನಿಗಳಾ?" ಎಂದ ಹುಡುಗ.

"ಹೋಗೋ ಪೆದ್ದ. ಆಮೆ ಮಾರ್ಕಿನ ಬ್ರೇಕು ಅಂತ ಯಾರಾದ್ರೂ ಹೆಸರಿಡ್ತಾರಾ? ಸುಮ್ನೆ ಡಿಸೈನಿಗೆ ಮಾಡಿರೋದು."

ಕೂದಲಿಗೆ ಪೆನ್ಸಿಲ್ ಸಿಕ್ಕಿಸಿ ಗಂಟು ಹಾಕಿಕೊಂಡಿದ್ದ ಅಂಗಡಿಯ ಒಡತಿ ಟ್ರೇ ಹಿಡಿದು ಬಂದಳು. ಚಿಕ್ಕ ವಯಸ್ಸಿನವಳು. "ಎಲ್ಲರೂ ಅದನ್ನೇ ಕೇಳ್ತಾರೆ," ಎಂದು ನಕ್ಕಳು. "ನಮ್ಮ ಡೆಕೊರೇಟರು ತುಂಬಾ ಕಿಲಾಡಿ. ಎಷ್ಟು ತಮಾಷೆ ಹೆಸರು ಕಟ್ಟಿದ್ದಾರೆ ನೋಡಿ."

ಕರಗಿಹೋದ ಪಿಸ್ಟನ್ನು, ಬೂದಿ ಬಟ್ಟಲಿಗೂ ಕ್ಲಚ್ಚಮ್ಮನಿಗೆ ಇಷ್ಟು ಸಂಕಟವಾಗಿರಲಿಲ್ಲ. ಇವರು ಇದ್ದರು ಅಂತ ಯಾರಿಗಾದರೂ ಗೊತ್ತಿರಬೇಕು, ಅಪ್ಪ ಕೇಳಿದ್ದು ಅಷ್ಟೇ. ಈಗ ಇಷ್ಟು ಜನ ದಿನಾ ನೋಡುತ್ತಿದ್ದಾರೆ, ಒಬ್ಬರೂ ನಂಬುತ್ತಿಲ್ಲ.

"ಕಟ್ಟಿದ್ದಲ್ಲ," ಎಂದಳು ಮೆಲ್ಲಗೆ. "ಆಮೆ ಬ್ರೇಕ್ ಇತ್ತು. ಮೂರು ಜನ ಅಣ್ಣತಮ್ಮಂದಿರು. ಒಂದೇ ಶೆಡ್ಡು. ದೊಡ್ಡವನು ಬೇರೆ ಹೆಸರಿಡೋಣ ಅಂದ್ನಂತೆ, ಆಮೆ ಅಂದ್ರೆ ಗಾಡಿ ಓಡಲ್ಲ ಅಂತ ಜನ ನಗ್ತಾರೆ ಅಂತ. ಅದಕ್ಕೆ ಚಿಕ್ಕವನು, ನಾವು ಮಾರೋದು ಓಡೋ ಸಾಮಾನಲ್ಲ, ನಿಲ್ಲೋ ಸಾಮಾನು ಅಂದ್ನಂತೆ."

ಹುಡುಗ ಹುಡುಗಿ ಫೋನು ಕೆಳಗಿಳಿಸಿದರು.

"ಪ್ರತಿ ವರ್ಷ ಆ ಚಿಕ್ಕವನೇ ಕ್ಯಾಲೆಂಡರ್ ತಂದು ಕೊಡ್ತಿದ್ದ. ಹೆಚ್ಚು ಮಾತಾಡ್ತಿರಲಿಲ್ಲ. ಒಂದು ವರ್ಷ ಬರಿಗೈಲಿ ಬಂದ. ನಮ್ಮಪ್ಪನ ಎದುರು ಕೂತು, ಒಂದು ಲೋಟ ನೀರು ಕುಡಿದು, ಎದ್ದು ಹೋದ. ಶೆಡ್ಡು ಮುಚ್ಚಿದೆ ಅಂತ ಹೇಳೋಕೇ ಬಂದಿದ್ದ. ಹೇಳೋಕಾಗಲಿಲ್ಲ. ನಮ್ಮಪ್ಪನಿಗೆ ಹೇಳದೆಯೇ ಅರ್ಥ ಆಯ್ತು."

ಒಡತಿ ಟ್ರೇಯನ್ನು ಪಕ್ಕದ ಮೇಜಿನ ಮೇಲಿಟ್ಟಳು. "ನಿಮಗೆ ಹೇಗೆ ಗೊತ್ತು ಇದೆಲ್ಲ?"

"ಅದರ ಹಿಂದೆ ಬರೆದಿದೆ. ಬರೆದೋಳು ನಾನೇ. ಎಲ್ಲದರ ಹಿಂದೆಯೂ ಇದೆ. ಯಾರು, ಏನು, ಎಲ್ಲಾ."

ಬೆಲ್ಟ್ ಮಾಮ ಉಳಿದದ್ದನ್ನು ತಮ್ಮದೇ ಧಾಟಿಯಲ್ಲಿ ಹೇಳಿದರು. ಬಸ್ಸಿನ ಸೀಟು, ಎಡ, ಬಲ, ಆಸ್ಪತ್ರೆ, ಗುಜರಿ. ಹೇಳಿ ಮುಗಿಯುವಷ್ಟರಲ್ಲಿ ಒಡತಿಯ ಮುಖ ಸಣ್ಣದಾಗಿತ್ತು.

"ದೇವರಾಣೆ ನನಗೆ ಗೊತ್ತಿರಲಿಲ್ಲ ಅಕ್ಕ. ಬೋರ್ಡುಗಳನ್ನ ಈಗಲೇ ಬಿಚ್ಚಿಕೊಡ್ತೀನಿ," ಎಂದವಳೇ ಸ್ಕ್ರೂ ಡ್ರೈವರ್ ತಂದು ಟಾಯ್ಲೆಟ್ ಬಾಗಿಲಿನ ಹುಂಜವನ್ನು ತಾನೇ ಬಿಚ್ಚಿದಳು. ಕ್ಲಚ್ಚಮ್ಮ ಅದನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿದಳು. ಹಿಂಬದಿ ಕಡುಗಪ್ಪಾಗಿತ್ತು. ತುಕ್ಕು ಹಿಡಿಯದಿರಲಿ ಅಂತ ಡೆಕೊರೇಟರು ಚೆನ್ನಾಗಿ ಉಜ್ಜಿ, ಬಣ್ಣ ಹೊಡೆದಿದ್ದ. ಉಳಿದ ಬೋರ್ಡುಗಳದ್ದೂ ಅದೇ ಗತಿ. ಕೆಲಸ ಅಚ್ಚುಕಟ್ಟಾಗಿ ಮಾಡಿದ್ದ ಪುಣ್ಯಾತ್ಮ. ಒಂದಕ್ಷರವನ್ನೂ ಉಳಿಸಿರಲಿಲ್ಲ.

"ಹುಂಜದ್ದು ಏನು ಬರೆದಿದ್ದೆ, ನೆನಪಿದೆಯಾ?" ಎಂದರು ಬೆಲ್ಟ್ ಮಾಮ.

ಅವಳು ಆ ಕಪ್ಪು ಬಣ್ಣದ ಮೇಲೆ ಬೆರಳಾಡಿಸಿದಳು. "ಇಲ್ಲ ಮಾಮ. ಕೊನೇ ಪದ ಮಾತ್ರ ಗೊತ್ತು."

ಇನ್ನು ಉಳಿದದ್ದು ಗೋಡೆ. ಒಡತಿ ಉಗುರಿನಿಂದ ಒಂದು ಲೇಬಲ್ಲಿನ ಮೂಲೆಯನ್ನು ಮೆಲ್ಲಗೆ ಎಬ್ಬಿಸಿ ನೋಡಿದಳು. ಮೂಲೆ ಚಕ್ಕೆಯಾಗಿ ಬೆರಳಿಗೇ ಬಂತು. ಹಿಂದಿನ ಸುಣ್ಣ ಕಂಡಿತು.

"ಮುಟ್ಟಬೇಡಮ್ಮ," ಎಂದರು ಬೆಲ್ಟ್ ಮಾಮ. "ಇದು ನಮ್ಮ ಕೈಲಿ ಆಗೋ ಕೆಲಸ ಅಲ್ಲ. ಸ್ಟಿಕ್ಕರ್‌ನವನನ್ನ ಕರೆಸೋಣ. ಕಾರಿನ ಗಾಜಿನ ಮೇಲೆ ಯಾವ ಕಾಲದಲ್ಲೋ ಅಂಟಿಸಿದ ಸ್ಟಿಕ್ಕರನ್ನೂ ಬಿಸಿಗಾಳಿ ಬಿಟ್ಟು ಸಿಪ್ಪೆ ಸುಲಿದ ಹಾಗೆ ತೆಗೀತಾನೆ ಅವನು. ನಂಬರ್ ಇದೆ ನನ್ನ ಹತ್ರ."

ಫೋನು ಮತ್ತೆ ಸ್ಪೀಕರಿಗೆ ಬಂತು.

"ಗಾಜಿನ ಮೇಲಾ, ಬಂಪರ್ ಮೇಲಾ?" ಎಂದ ಸ್ಟಿಕ್ಕರ್‌ನವನು.

"ಗೋಡೆ ಮೇಲೆ."

"ಗೋಡೆನಾ? ಯಾವ ಮಾಡೆಲ್ಲು?"

"ಲೇ, ತಲೆಹರಟೆ ಬಿಡು. ಅಂಗಡಿ ಗೋಡೆ ಕಣೋ. ಸುಣ್ಣದ್ದು. ಕಾಗದ ಅಂಟಿಸಿ ವಾರ್ನಿಶ್ ಹೊಡೆದಿದ್ದಾರೆ. ಕಾಗದದ ಹಿಂದಿನ ಬರಹ ಬೇಕು ನಮಗೆ."

ಆ ಕಡೆಯವನು ತಮಾಷೆ ಬಿಟ್ಟ. "ಅಣ್ಣಾ, ಸ್ಟಿಕ್ಕರ್ ಆದ್ರೆ ಎಳೆದ್ರೆ ಬರುತ್ತೆ. ಕಾಗದ ಹಾಗಲ್ಲ. ಮೇಲಿನ ಪದರ ನನ್ನ ಕೈಗೆ ಬಂದು, ಬರಹ ಇರೋ ಪದರ ಗೋಡೆಯಲ್ಲೇ ಉಳಿದ್ರೂ ಉಳೀಬಹುದು. ಒಂದನ್ನ ತೆಗೆದು ನೋಡಬೇಕು. ಬಂದ್ರೆ ಎಲ್ಲಾ ಬರುತ್ತೆ. ಹೋದ್ರೆ ಅದಂತೂ ಹೋಯ್ತು. ಯಾವುದನ್ನ ಮೊದಲು ಮಾಡ್ಲಿ ಅಂತ ನೀವೇ ಹೇಳ್ಬೇಕು."

ಬೆಲ್ಟ್ ಮಾಮ ಅವಳ ಕಡೆ ನೋಡಿದರು. "ಯಾವುದೋ ಒಂದು ಸಣ್ಣ ಲೇಬಲ್ ಹೇಳಲಾ? ಅಲ್ಲಿ ಮೂಲೇಲಿ ಹರಿದೇ ಇರೋದು?"

ಅವಳು ಗೋಡೆಯುದ್ದಕ್ಕೂ ಕಣ್ಣಾಡಿಸಿದಳು. ಮೂಲೆಯಲ್ಲಿದ್ದದ್ದು ಹಲ್ಲಿ ಮಾರ್ಕಿನ ಕಾರು ಬಾಗಿಲ ರಬ್ಬರಿನ ಲೇಬಲ್ಲು. ಅದನ್ನು ಯಾರು ಕೊಟ್ಟರು, ಎಂಥವರು, ಏನೆಂದರೆ ಏನೂ ಅವಳಿಗೆ ನೆನಪಾಗಲಿಲ್ಲ. ಯಾರದ್ದೋ ಶೆಡ್ಡು, ಯಾರದ್ದೋ ಮನೆಮಂದಿ. ಆ ಹಾಳೆ ಹರಿದರೆ ಅವರು ಭೂಮಿಯ ಮೇಲೆ ಇದ್ದದ್ದಕ್ಕೆ ಗುರುತೇ ಉಳಿಯುವುದಿಲ್ಲ.

"ಬೇಡ," ಎಂದಳು. "ಆಮೆಯಿಂದ ಶುರು ಮಾಡೋಣ."

"ಹುಚ್ಚು ಹಿಡೀತಾ? ಅದೇ ತಾನೇ ಇರೋದರಲ್ಲಿ ಚೆನ್ನಾಗಿರೋದು. ನಿಮ್ಮಪ್ಪನಿಗೆ ಅದಂದ್ರೆ ಎಷ್ಟು ಇಷ್ಟ."

"ಅದರ ಹಿಂದಿರೋದು ನನಗೆ ಬಾಯಿಪಾಠ ಬರುತ್ತೆ ಮಾಮ. ಹರಿದ್ರೂ ನನ್ನ ಹತ್ರ ಇರುತ್ತೆ. ನೆನಪಿಲ್ಲದೇ ಇರೋದನ್ನ ಹರಿಯೋಕೆ ನನಗೆ ಮನಸ್ಸಿಲ್ಲ."

ಬೆಲ್ಟ್ ಮಾಮ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದರು. ಗೋಡೆಯ ಮೇಲಿನ ಆಮೆ ವಾರ್ನಿಶ್ಶಿನ ಹಿಂದೆ ಮಿಂಚುತ್ತಾ, ಅವಸರವಿಲ್ಲದ ಮುಖ ಮಾಡಿಕೊಂಡು ಯಾರನ್ನೋ ನೋಡುತ್ತಿತ್ತು. ಅವಳು ಅದರ ಮೇಲೊಮ್ಮೆ ಅಂಗೈ ಇಟ್ಟಳು.

"ಅಕ್ಕಾ, ಇದ್ದೀರಾ?" ಎಂದಿತು ಫೋನು. "ಕಾಗದಕ್ಕೆ ಗ್ಯಾರಂಟಿ ಕೊಡೋಕಾಗಲ್ಲ. ಆಮೇಲೆ ಬೈಬಾರದು."

"ಬೈಯಲ್ಲ. ಯಾವಾಗ ಬರ್ತೀರಿ?"

"ನಾಳೆ ಬೆಳಿಗ್ಗೆಯಾದ್ರೆ ಆಗುತ್ತೆ. ಗಿರಾಕಿಗಳು ಬರೋಕೆ ಮುಂಚೆ. ಓಡಾಟ ಇದ್ದರೆ ಕೈ ನಡುಗುತ್ತೆ."

ಒಡತಿ ಕಣ್ಣೊರೆಸಿಕೊಂಡು, ಫೋನಿನ ಹತ್ತಿರ ಬಾಯಿ ತಂದಳು. "ಏಳಕ್ಕೆ ಬನ್ನಿ. ನಾನು ಅದಕ್ಕೆ ಮುಂಚೆಯೇ ಬಂದು ಬಾಗಿಲು ತೆಗೆದಿಟ್ಟಿರ್ತೀನಿ. ನಾಳೆ ಮಧ್ಯಾಹ್ನದವರೆಗೂ ಅಂಗಡಿ ಇಲ್ಲ ಅಂತ ಬೋರ್ಡು ಹಾಕ್ತೀನಿ."

"ನಾಳೆ ಏಳಕ್ಕೆ ನನಗೊಂದು ಕ್ಲಾಸಿತ್ತು," ಎಂದಳು ಕ್ಲಚ್ಚಮ್ಮ, ಅರ್ಧ ತನಗೇ ಎಂಬಂತೆ. "ಟೈಲರಿಗೆ ಫೋನ್ ಮಾಡಿ ಹೇಳ್ತೀನಿ. ನಾನು ಅಮ್ಮನನ್ನೂ ಕರ್ಕೊಂಡು ಬರ್ತೀನಿ. ಏಳಕ್ಕೆ, ಇಲ್ಲೇ."